ಸಿಎಂಇ ಅಂಕ ಬೇಗ ಎಲ್ಲಿ ಸಿಗುತ್ತದೆ? ಮಾನಸಿಕ ಆರೋಗ್ಯದ ತರಬೇತಿ ವಾರ್ಡ್ ಡಾಕ್ಟರಿಗೆ ಯಾಕೆ?

ತಾಲ್ಲೂಕು ಆಸ್ಪತ್ರೆಯಲ್ಲಿ ಎಂಬಿಬಿಎಸ್ ಡಾಕ್ಟರ್ ಆಗಿದ್ದೀರಿ. ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ನವೀಕರಣಕ್ಕೆ 30 ಕ್ರೆಡಿಟ್ ಅವರ್ ಬೇಕು, ಅರ್ಧವೂ ಆಗಿಲ್ಲ. ಬೇಗ ಅಂಕ ಕೊಡುವ ಸಿಎಂಇ (ಡಾಕ್ಟರುಗಳ ಮುಂದುವರಿದ ಶಿಕ್ಷಣದ ತರಬೇತಿ) ಯಾವುದು, ಮಾನಸಿಕ ಆರೋಗ್ಯದ್ದೆಲ್ಲ ಮನೋವೈದ್ಯರಿಗಲ್ವಾ ಅಂತ ಕೇಳಿದ್ದೀರಿ. ನಿಮ್ಮ ಜಾಗದಲ್ಲಿದ್ದಾಗ ನಾನೂ ಇದನ್ನೇ ಕೇಳುತ್ತಿದ್ದೆ.

ನಾನಾಗ ಮಲೆನಾಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಅಡಿಕೆ ಕೊನೆ ಇಳಿಸುವ ಕೆಲಸದವರೊಬ್ಬರು ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಬಂದರು. ಕಾಲಿಗೆ ಟ್ರ್ಯಾಕ್ಷನ್ ಹಾಕಿ (ತೂಕ ಕಟ್ಟಿ ಎಳೆದಿಟ್ಟು) ಆಪರೇಷನ್‌ಗೆ ಕಾಯುತ್ತಿದ್ದೆವು. ಎರಡು ದಿನ ಏನೂ ತೊಂದರೆ ಇರಲಿಲ್ಲ. ಮೂರನೇ ರಾತ್ರಿ ಡ್ಯೂಟಿ ನನ್ನದು. ಸಿಸ್ಟರ್ ಓಡಿ ಬಂದು ಕರೆದರು. ಹೋಗಿ ನೋಡಿದರೆ ಆತ ಡ್ರಿಪ್ ಕಿತ್ತು ಹಾಕಿದ್ದಾರೆ. ಮೈಮೇಲೆ ಇರುವೆ ಹರಿಯುತ್ತಿದೆ ಅಂತ ಬೆಡ್‌ಶೀಟ್ ಕೊಡವುತ್ತಿದ್ದಾರೆ. ನಡುನಡುವೆ ಯಾರನ್ನೋ ಕೂಗಿ 'ಹಗ್ಗ ಹಿಡಿಯೋ, ಕೊನೆ ಬಿಡ್ತಾ ಇದೀನಿ' ಅನ್ನುತ್ತಿದ್ದಾರೆ. ಮೈಯೆಲ್ಲ ಬೆವರು. ನಾಡಿ ಓಡುತ್ತಿದೆ. ಪಕ್ಕದ ಬೆಡ್ಡಿನವರು ಯಾವುದೋ ಮೈಮೇಲೆ ಬಂದಿದೆ ಎಂದರು. 'ಸರ್, ಸಂಜೆಯಿಂದಲೇ ಕೈ ನಡುಗ್ತಾ ಇತ್ತು' ಎಂದು ಸಿಸ್ಟರ್ ಹೇಳಿದರು. ಆ ಮಾತು ಕಿವಿಗೆ ಬಿತ್ತು, ಆದರೆ ನಾನು ಅದನ್ನು ಹಿಡಿದುಕೊಳ್ಳಲಿಲ್ಲ.

ಇದು ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಮನೋರೋಗ ಅಂದುಕೊಂಡೆ. ಕೈಗಳನ್ನು ಕಟ್ಟಿಸಿ, ಅದಕ್ಕೆ ಕೊಡುವ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟೆ. ಊಟ ಮಾಡಿಲ್ಲವಲ್ಲ ಅಂತ ಗ್ಲುಕೋಸ್ ಡ್ರಿಪ್ ಮತ್ತೆ ಹಾಕಿಸಿದೆ. ಬೆಳಗಿನ ಜಾವ ಫಿಟ್ಸ್ ಬಂತು. ಆಂಬುಲೆನ್ಸ್ ಹತ್ತಿಸಿ ಮೆಡಿಕಲ್ ಕಾಲೇಜಿಗೆ ಕಳಿಸಿದೆವು.

ನೀವು ಓದುತ್ತಿರುವಾಗಲೇ ಹೇಳಿರುತ್ತೀರಿ, ಇದು ಡೆಲಿರಿಯಂ ಟ್ರೆಮೆನ್ಸ್ (ಕುಡಿತ ನಿಂತಾಗ ನಡುಕದ ಜೊತೆ ಬರುವ ತೀವ್ರ ಗೊಂದಲ) ಅಂತ. ದಿನವೂ ಕುಡಿಯುವವರು ಆಸ್ಪತ್ರೆಗೆ ಸೇರಿದರೆ ಕುಡಿತ ಏಕಾಏಕಿ ನಿಂತುಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ ಶುರು. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಡೆಲಿರಿಯಂ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಕೊಡಬೇಕಿದ್ದದ್ದು ಲೊರಾಜೆಪಾಮ್ ಅಥವಾ ಡಯಾಜೆಪಾಮ್. ಹ್ಯಾಲೋಪೆರಿಡಾಲ್ ಒಂದನ್ನೇ ಕೊಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಗ್ಲುಕೋಸ್‌ಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಹೋಗಬೇಕಿತ್ತು. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ಥಯಾಮಿನ್ ಮೊದಲೇ ಕಡಿಮೆ. ಗ್ಲುಕೋಸ್ ಬಳಸಿಕೊಳ್ಳಲು ಮಿದುಳಿಗೆ ಅದು ಬೇಕೇ ಬೇಕು. ಉಳಿದ ಸ್ವಲ್ಪವೂ ಅಲ್ಲೇ ಖರ್ಚಾಗಿ, ನೆನಪನ್ನೂ ಕೆಡಿಸಬಲ್ಲ ಮಿದುಳಿನ ಹಾನಿಯಾದ ವರ್ನಿಕೆ ಎನ್‌ಸೆಫಲೋಪತಿಗೆ ದಾರಿಯಾಗುತ್ತದೆ. ಗೊಂದಲ, ಕಣ್ಣಿನ ಚಲನೆಯಲ್ಲಿ ತೊಂದರೆ, ತೂರಾಡುವ ನಡಿಗೆ, ಈ ಮೂರೂ ಇರಬೇಕು ಅಂತ ಓದಿರುತ್ತೇವೆ. ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ಅದೂ ಕಾಲಿಗೆ ಟ್ರ್ಯಾಕ್ಷನ್ ಹಾಕಿಕೊಂಡು ಮಲಗಿದವರ ನಡಿಗೆ ನೋಡುವುದು ಹೇಗೆ?

ಆತ ಬದುಕಿದರು. ಕಾಲೂ ಸರಿಯಾಯಿತು. ನೆನಪು ಮಾತ್ರ ಸರಿಹೋಗಲಿಲ್ಲ. ಆಪರೇಷನ್ ಮುಗಿದ ಮೇಲೂ 'ಆಪರೇಷನ್ ಯಾವಾಗ' ಅಂತ ಕೇಳುತ್ತಿದ್ದರಂತೆ. ಹಾಸಿಗೆಯಲ್ಲೇ ಇದ್ದವರು 'ನಿನ್ನೆ ತೋಟಕ್ಕೆ ಹೋಗಿದ್ದೆ' ಎನ್ನುತ್ತಿದ್ದರಂತೆ. ಹೆಂಡತಿ ಸಂಸಾರ ನಡೆಸಲು ತಾವೇ ತೋಟದ ಕೂಲಿಗೆ ಹೋಗತೊಡಗಿದರು. ನಾನು ಸರಿಯಾಗಿ ಮಾಡಿದ್ದರೆ ನೆನಪು ಉಳಿಯುತ್ತಿತ್ತಾ? ಖಚಿತವಾಗಿ ಯಾರೂ ಹೇಳಲಾರರು. ಉಳಿಯುವ ಅವಕಾಶವನ್ನು ನಾನು ಕೊಡಲಿಲ್ಲ ಎಂಬುದು ಮಾತ್ರ ಖಚಿತ.

ನನ್ನ ತಪ್ಪು ಯಾವುದು ಎಂಬುದನ್ನು ನೀವು ಸರಿಯಾಗಿ ತಿಳಿಯಬೇಕು. ವಿಷಯ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಇದೇ ವಿಷಯದ ಮೇಲೆ ಒಂದು ಸಿಎಂಇಗೆ ಹೋಗಿದ್ದೆ. ಊಟಕ್ಕೆ ಎದ್ದು ಹೋದವನೂ ಅಲ್ಲ, ಕೂತು ಪೂರ್ತಿ ಕೇಳಿದ್ದೆ. ಥಯಾಮಿನ್ ಮೊದಲು, ಗ್ಲುಕೋಸ್ ಆಮೇಲೆ ಎಂಬ ಸ್ಲೈಡ್ ಕೂಡ ನೋಡಿದ್ದೆ. ಮರುದಿನ ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಸರ್ಟಿಫಿಕೇಟ್ ತಂದು ಫೈಲಿಗೆ ಸೇರಿಸಿದೆ, ಅಂಕ ಬಂತು, ಮುಗಿಯಿತು ಅಂದುಕೊಂಡೆ. ಅಲ್ಲೇ ತಪ್ಪಿದ್ದು. ಆ ಪಾಠ ನನ್ನ ತಲೆಯಲ್ಲಿ 'ಮನೋರೋಗ' ಎಂಬ ಖಾನೆಯಲ್ಲಿ ಕೂತಿತು. ಈ ರೋಗಿ ಬಂದದ್ದು 'ಮೂಳೆ' ಖಾನೆಗೆ. ಎರಡೂ ಒಂದಾಗಲೇ ಇಲ್ಲ. ಅಡ್ಮಿಷನ್ ದಿನ 'ಕುಡೀತೀರಾ?' ಅಂತ ಭಾವಮೈದನ ಎದುರಿಗೇ ಕೇಳಿದ್ದೆ. 'ಹಬ್ಬ ಹರಿದಿನಕ್ಕೆ' ಎಂದರು. ಅದನ್ನೇ ಕೇಸ್‌ಶೀಟಿನಲ್ಲಿ ಬರೆದೆ. ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಎದ್ದ ಕೂಡಲೇ ಬೇಕಾ, ಕೊನೆಗೆ ಕುಡಿದದ್ದು ಯಾವಾಗ ಅಂತ ಒಬ್ಬರೇ ಇದ್ದಾಗ ಕೇಳಲಿಲ್ಲ. ಹಾಗೆ ಕೇಳುವುದನ್ನು ಸ್ಲೈಡ್ ಕಲಿಸಿರಲಿಲ್ಲ. ಯಾರ ಎದುರಿಗೂ ನಾನು ಅಭ್ಯಾಸ ಮಾಡಿರಲೂ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನು ನಾನು ಒಪ್ಪುವುದಿಲ್ಲ. ಮಾನಸಿಕ ಆರೋಗ್ಯ ಮನೋವೈದ್ಯರ ವಿಷಯ ಅನ್ನುವುದು ನಮ್ಮ ಅನುಕೂಲಕ್ಕೆ ನಾವು ಮಾಡಿಕೊಂಡ ಗೆರೆ. ನಡುರಾತ್ರಿ ನಿಮ್ಮ ವಾರ್ಡಿಗೆ ಮನೋವೈದ್ಯರು ಬರುವುದಿಲ್ಲ. ಬರುವವರು ನೀವು. ಕಾನೂನಿಗೂ ಇದು ಗೊತ್ತಿದೆ. ಸರ್ಕಾರಿ ಆಸ್ಪತ್ರೆಯ ಎಲ್ಲ ವೈದ್ಯಾಧಿಕಾರಿಗಳಿಗೂ ಮೂಲಭೂತ ಮತ್ತು ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರುಗಳಿಗೆ ಇದನ್ನು ಕಲಿಸಿದ್ದರು. ಆ ಮಾದರಿಯ ಮೇಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಲ್ಲೇ ಹುಟ್ಟಿದ ದಾರಿ ಇದು. ನಮಗೆ ಸಂಬಂಧವಿಲ್ಲ ಎಂದರೆ ಹೇಗೆ?

ಆ ಘಟನೆಯ ನಂತರ ನನಗೆ ನಿಜಕ್ಕೂ ಕಲಿಸಿದ್ದು ನಿಮ್ಹಾನ್ಸ್‌ನ ಎಕೋ ತರಗತಿಗಳು. ಈ ಪದ್ಧತಿ ಮೂಲತಃ ಅಮೆರಿಕದ ನ್ಯೂ ಮೆಕ್ಸಿಕೋದ್ದು. ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಶುರು ಮಾಡಿದ್ದು. ದೊಡ್ಡಾಸ್ಪತ್ರೆಗೆ ರೋಗಿ ಹೋಗುವ ಬದಲು ತಜ್ಞರ ತಿಳಿವಳಿಕೆ ಹಳ್ಳಿ ಡಾಕ್ಟರಿಗೆ ಬರಲಿ ಎಂಬುದು ಅವರ ಯೋಚನೆ. ವಿಡಿಯೋ ಕರೆಯಲ್ಲಿ ಬೇರೆ ಬೇರೆ ಊರಿನ ಡಾಕ್ಟರುಗಳು ಸೇರುತ್ತಾರೆ. ಪಾಠ ಇರುತ್ತದೆ, ಆದರೆ ಚಿಕ್ಕದು. ಜಾಸ್ತಿ ಹೊತ್ತು ನಡೆಯುವುದು ನಮ್ಮದೇ ರೋಗಿಯ ಚರ್ಚೆ. ನಾನು ಮೊದಲ ಸಲ ಕೇಸ್ ಹೇಳಿದಾಗ 'ಕೊನೆಯ ಸಲ ಕುಡಿದದ್ದು ಯಾವಾಗ?' ಅಂತ ಅಲ್ಲಿನ ತಜ್ಞರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದೆ ಆ ಪ್ರಶ್ನೆಯನ್ನು ಯಾವ ರೋಗಿಗೂ ಕೇಳದೆ ಬಿಟ್ಟಿಲ್ಲ. ಇದು ನನ್ನೊಬ್ಬನ ಅನುಭವವಲ್ಲ. ಬರೀ ಭಾಷಣದ ಸಿಎಂಇಗಳಿಂದ ಡಾಕ್ಟರುಗಳ ಕೆಲಸದ ರೀತಿ ಬದಲಾದಂತೆ ಕಾಣುವುದಿಲ್ಲ, ಚರ್ಚೆ ಮತ್ತು ಅಭ್ಯಾಸ ಇರುವಂಥವು ಬದಲಾಯಿಸಬಲ್ಲವು ಅಂತ ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲೇ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಆದರೂ ನಾವು ಇವತ್ತಿಗೂ ಹೋಟೆಲ್ ಹಾಲಿನಲ್ಲಿ ಕೂತು ಗಂಟೆ ಎಣಿಸುತ್ತಿದ್ದೇವೆ. ಐದು ವರ್ಷಕ್ಕೆ 30 ಗಂಟೆ ಎಂಬ ಲೆಕ್ಕ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ. ಗಂಟೆ ಎಣಿಸುವುದು ಸುಲಭ, ರೋಗಿಗೆ ಏನಾಯಿತು ಅಂತ ನೋಡುವುದು ಕಷ್ಟ. ನನಗೆ ಇದರ ಮೇಲೆ ಕೋಪವಿದೆ, ಮುಚ್ಚಿಡುವುದಿಲ್ಲ.

ಈಗ ಅಂಕದ ಮಾತು. ನವೀಕರಣದ ದಿನ ಹತ್ತಿರವಿದ್ದರೆ ಈ ಸಲಕ್ಕೆ ಸಿಕ್ಕಿದ ಸಿಎಂಇಗಳಲ್ಲಿ ಗಂಟೆ ತುಂಬಿಸಿಕೊಳ್ಳಿ. ಹಣ ಕಟ್ಟುವ ಮೊದಲು ಕೆಎಂಸಿ ಮಾನ್ಯತೆ ಇದೆಯಾ ಅಂತ ನೋಡಿ. ಆದರೆ ಅದರ ಜೊತೆಗೇ, ನಿಮ್ಮ ರೋಗಿಯ ಬಗ್ಗೆ ನೀವು ಮಾತಾಡಬೇಕಾದ ತರಬೇತಿ ಒಂದಕ್ಕಾದರೂ ಸೇರಿ. ಅಂಕ ಸಿಗದಿದ್ದರೂ ಸೇರಿ. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯಲ್ಲಿ ವೈದ್ಯರಿಗೆ, ಸೈಕಾಲಜಿಸ್ಟ್‌ಗಳಿಗೆ, ನರ್ಸ್‌ಗಳಿಗೆ ಬೇರೆ ಬೇರೆ ಕೋರ್ಸ್‌ಗಳಿವೆ. ಸಾಧ್ಯವಾದರೆ ನಿಮ್ಮ ವಾರ್ಡಿನ ಸಿಸ್ಟರ್ ಒಬ್ಬರನ್ನೂ ಸೇರಿಸಿ. ನಡುಕ ಮೊದಲು ಕಾಣುವುದು ಅವರಿಗೇ.

ಮೊದಲ ಸಲ ಯಾವ ಕೇಸ್ ಹೇಳುವುದು ಅಂತ ಯೋಚಿಸಬೇಡಿ. ಕಳೆದ ತಿಂಗಳ ಕೇಸ್‌ಶೀಟ್‌ಗಳನ್ನು ತೆಗೆಯಿರಿ. ಸರ್ಜರಿ ಅಥವಾ ಆರ್ಥೋ ವಾರ್ಡಿನಲ್ಲಿ ಸೇರಿ ಎರಡು ಮೂರು ದಿನದ ಮೇಲೆ 'ಗಲಾಟೆ ಮಾಡಿದರು', 'ಡ್ರಿಪ್ ಕಿತ್ತರು', 'ಹೇಳದೆ ಹೋದರು' ಅಂತ ನರ್ಸ್ ನೋಟ್‌ನಲ್ಲಿ ಇರುವವರನ್ನು ಹುಡುಕಿ. ಒಬ್ಬರಾದರೂ ಸಿಗುತ್ತಾರೆ. ಹೆಸರು, ಊರು ತೆಗೆದುಹಾಕಿ, ಅದನ್ನೇ ತೆಗೆದುಕೊಂಡು ಹೋಗಿ.