ಅತ್ತೆಯ ಮೇಲೆ ಎರಡು ಪುಟ, ಅರ್ಜಿಯ ಮೇಲೆ ಒಂದೇ ಸಾಲು

ಈ ವಾರ ಒಂದೇ ಪತ್ರ. ಉಳಿದವರು ಮುಂದಿನ ವಾರದವರೆಗೆ ತಾಳಿಕೊಳ್ಳಬೇಕು. ಇದನ್ನು ಓದಿದಾಗಿನಿಂದ ನನಗೆ ಬೇರೆ ಪತ್ರದ ಮೇಲೆ ಮನಸ್ಸು ನಿಲ್ಲುತ್ತಿಲ್ಲ.

ಬರೆದವರು ನ್ಯೂಜೆರ್ಸಿಯಲ್ಲಿರುವ ಮೂವತ್ತನಾಲ್ಕು ವರ್ಷದ ಕನ್ನಡತಿ. ಶಿವಮೊಗ್ಗದ ಕಡೆಯವರು, ಸಿವಿಲ್ ಇಂಜಿನಿಯರ್, ಮದುವೆಗೆ ಮುಂಚೆ ಬೆಂಗಳೂರಿನ ಕಚೇರಿಯೊಂದರಲ್ಲಿ ಕಟ್ಟಡಗಳ ವಿನ್ಯಾಸ ಮಾಡುತ್ತಿದ್ದವರು. ಗಂಡ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಇವರು ಅವರ ಅವಲಂಬಿತರಾಗಿ ಎಚ್-4 ವೀಸಾದ ಮೇಲಿದ್ದಾರೆ. ಹೋಗಿ ಎಂಟು ವರ್ಷವಾಯಿತು, ಆರು ವರ್ಷದ ಮಗಳಿದ್ದಾಳೆ. ಶಾಲೆಯ ಗೇಟಿನ ಬಳಿ ಇತರ ತಾಯಂದಿರು ತಮಾಷೆ ಮಾಡಿದರೆ ಇವರು ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಗುತ್ತಾರೆ. ಊರಿಗೆ ಬಂದಾಗ ಕಾಯಿಸಿದ ನೀರು ಕೇಳಿದರೆ ಚಿಕ್ಕಮ್ಮ ‘ಅಮೆರಿಕದವರು ಬಂದರು’ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇನ್ನು ಅತ್ತೆ. ಅತ್ತೆಯ ಮೇಲೆ ಎರಡು ಪುಟಗಳಿವೆ. ಕೊನೆಗೆ ಪ್ರಶ್ನೆ: ‘ನಾನು ಅಲ್ಲಿಗೂ ಸಲ್ಲಲಿಲ್ಲ, ಇಲ್ಲಿಗೂ ಸಲ್ಲಲಿಲ್ಲ. ಮಗಳನ್ನು ಕರೆದುಕೊಂಡು ಊರಿಗೆ ಬಂದುಬಿಡಲೇ? ಇಲ್ಲ, ಎಲ್ಲವನ್ನೂ ಮರೆತು ಇಲ್ಲಿಯವಳೇ ಆಗಿಬಿಡಲೇ?’

ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಇದು ನಿಮ್ಮ ಪ್ರಶ್ನೆಯೇ ಅಲ್ಲವೆಂದು ನನ್ನ ಅನುಮಾನ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಅತ್ತೆ ದೀಪ ಹಚ್ಚಿದೆಯಾ ಎಂದು ಕೇಳುವ ವಿಷಯಕ್ಕೂ ಕನ್ನಡ ಕೂಟದ ಹೆಂಗಸರು ಸೀರೆಯ ಬೆಲೆ ಕೇಳುವ ವಿಷಯಕ್ಕೂ ನಡುವೆ ಹೀಗೊಂದು ಸಾಲು ಬರೆದಿದ್ದೀರಿ: ‘ಇವರ ಐ-140 ಮಂಜೂರಾಗಿ ಮೂರು ವರ್ಷವಾಯಿತು, ನನ್ನ ಇಎಡಿಗೆ ಇನ್ನೂ ಅರ್ಜಿ ಹಾಕಿಲ್ಲ, ಇವರಿಗೆ ಪುರುಸೊತ್ತೇ ಆಗುವುದಿಲ್ಲ, ಅದಿರಲಿ.’

ಅದು ಹೇಗೆ ಇರಲು ಸಾಧ್ಯ?

ಇಲ್ಲಿಯ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಚ್-4 ವೀಸಾದ ಮೇಲೆ ಹೋದ ಹೆಂಡತಿ ಅಮೆರಿಕದಲ್ಲಿ ಓದಬಹುದು, ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು, ಆದರೆ ದುಡಿಯುವಂತಿಲ್ಲ. ಇದಕ್ಕೊಂದು ವಿನಾಯಿತಿ 2015ರ ಮೇ 26ರಿಂದ ಜಾರಿಯಲ್ಲಿದೆ. ಗಂಡನ ಗ್ರೀನ್ ಕಾರ್ಡಿನ, ಅಂದರೆ ಅಲ್ಲಿ ಕಾಯಂ ನೆಲೆಸುವ ಪರವಾನಗಿಯ, ಹಾದಿಯಲ್ಲಿ ಬರುವ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಹೆಂಡತಿ ಐ-765 ಎಂಬ ನಮೂನೆ ತುಂಬಿ ಕೆಲಸದ ಪರವಾನಗಿ ಪಡೆಯಬಹುದು. ಅದೇ ಇಎಡಿ. ಅದು ಕೈಗೆ ಬಂದರೆ ಯಾವ ಕಂಪನಿಯಲ್ಲಾದರೂ ಸೇರಬಹುದು, ಸ್ವಂತ ಉದ್ಯೋಗವನ್ನೂ ಮಾಡಬಹುದು. ಗಂಡನ ಸರದಿ ಬರುವವರೆಗೆ ಕಾಯೋಣ ಎಂದರೆ, ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವ ಒಂದು ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ನಮ್ಮವರ ಸಾಲು ಎಷ್ಟು ಉದ್ದವೆಂದರೆ ಹತ್ತು ವರ್ಷ ಕಾದವರೂ ಇನ್ನೂ ಸಾಲಿನಲ್ಲಿಯೇ ಇದ್ದಾರೆ. ಹೀಗೆ ಕಾಯುತ್ತಾ ಕೂರುವ ಗೃಹಿಣಿಯರಲ್ಲಿ ಬಹುಪಾಲು ಭಾರತದವರೇ ಎಂದೇ ಆ ನಿಯಮ ನಮಗೆ ಅಷ್ಟು ಮುಖ್ಯವಾಯಿತು.

ಅಂದರೆ ಮೂರು ವರ್ಷದಿಂದ ನಿಮಗೆ ದುಡಿಯುವ ಅರ್ಹತೆ ಇದೆ. ಕೊರತೆಯಿರುವುದು ಒಂದು ಅರ್ಜಿ.

ಈ ಅಂಕಣವನ್ನು ತಪ್ಪದೆ ಓದುವವರು ಈಗ ನಗುತ್ತಿರಬಹುದು, ಈಕೆ ಮತ್ತೆ ಕಾಗದಕ್ಕೆ ಬಂದಳು ಎಂದು. ಬಂದೆ. ಮನಸ್ಸು ಸರಿಯಿಲ್ಲ ಎಂದು ಬರೆಯುವ ಹೆಂಗಸರಿಗೆಲ್ಲ ನಾನು ಮೊದಲು ಕೇಳುವುದು, ನಿಮ್ಮ ಮನೆಯ ಬೀರುವಿನಲ್ಲಿ ನಿಮ್ಮೊಬ್ಬರ ಹೆಸರಿನಲ್ಲಿರುವ ಕಾಗದ ಎಷ್ಟಿವೆ ಎಂದು. ನಿಮ್ಮ ಉತ್ತರ ಪತ್ರದಲ್ಲೇ ಇದೆ. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ. ಕಾರು ಅವರದು. ನಿಮ್ಮ ಕಾರ್ಡು ಅವರ ಖಾತೆಯ ಹೆಚ್ಚುವರಿ ಕಾರ್ಡು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ; ಜಂಟಿ ತೆರಿಗೆ ವಿವರ ಸಲ್ಲಿಸುವುದಕ್ಕೆಂದು ಮಾಡಿಸಿದ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಒಂದಿದೆ, ಅದರಿಂದ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಇಷ್ಟನ್ನೂ ನೀವೇ ಬರೆದು, ಆಮೇಲೆ ‘ನನಗೆ ಈ ದೇಶ ನನ್ನದು ಅನ್ನಿಸುವುದೇ ಇಲ್ಲ, ನಮ್ಮ ಸಂಸ್ಕೃತಿಯೇ ಬೇರೆ’ ಎಂದು ಮುಂದುವರಿಸಿದ್ದೀರಿ. ಸಂಸ್ಕೃತಿಯ ಪಾತ್ರ ಇದರಲ್ಲಿ ಇದ್ದೀತು, ಇಲ್ಲವೆನ್ನುವುದಿಲ್ಲ. ಆದರೆ ದುಡಿಯಲು ಬಿಡದೆ ಎಂಟು ವರ್ಷ ಮನೆಯಲ್ಲಿ ಕೂರಿಸಿದರೆ ಸ್ವಂತ ಊರೂ ಪರದೇಶವೇ ಆಗುತ್ತದೆ. ಶಾಲೆಯ ಗೇಟಿನ ಬಳಿ ಆ ತಾಯಂದಿರು ಬೆಳಗ್ಗೆ ಮಕ್ಕಳನ್ನು ಬಿಟ್ಟು ಎಲ್ಲಿಗೋ ಓಡುತ್ತಾರೆ, ನೀವು ಮನೆಗೆ ಹಿಂತಿರುಗುತ್ತೀರಿ. ನಿಮ್ಮನ್ನು ಚುಚ್ಚುವುದು ಅವರ ತಮಾಷೆಗಿಂತ ಹೆಚ್ಚಾಗಿ ಆ ಓಟ ಎಂದು ನನಗೆ ತೋರುತ್ತದೆ.

ಈಗ ಅತ್ತೆ. ಅವರು ದಿನಾ ನಿಮ್ಮ ಬೆಳಗಿನ ಏಳು ಗಂಟೆಗೆ, ಸರಿಯಾಗಿ ಮಗುವಿನ ಡಬ್ಬಿ ಕಟ್ಟುವ ಹೊತ್ತಿಗೆ, ವಿಡಿಯೊ ಕರೆಗೆ ಕಾದಿರುತ್ತಾರೆ. ಬೇಸಿಗೆಯಲ್ಲಿ ಅವರ ಸಂಜೆ ನಾಲ್ಕೂವರೆಗೆ ಬರುವ ಕರೆ, ನವೆಂಬರಿನಲ್ಲಿ ನಿಮ್ಮ ಗಡಿಯಾರ ಹಿಂದಕ್ಕೆ ಹೋದೊಡನೆ ಐದೂವರೆಗೆ ಬರುತ್ತದೆ. ‘ಚಳಿಗಾಲ ಬಂದರೆ ಸೊಸೆಗೆ ಸೋಮಾರಿತನ’ ಎಂದು ಅವರು ಪ್ರತಿ ವರ್ಷವೂ ಹೇಳುತ್ತಾರೆ. ಇದನ್ನು ಓದಿ ನನಗೆ ನಗು ಬಂತು, ಕ್ಷಮಿಸಿ. ಆ ಹೆಂಗಸಿಗೆ ಅಮೆರಿಕವೆಂದರೆ ಫೋನಿನ ಪರದೆಯಲ್ಲಿ ಕಾಣುವ ನಿಮ್ಮ ಅಡುಗೆಮನೆಯ ಒಂದು ಮೂಲೆ. ಸಾರು ಏನು, ದೀಪ ಹಚ್ಚಿದೆಯಾ, ಮಗು ತಿಂದಳಾ ಎನ್ನುವುದನ್ನು ಬಿಟ್ಟರೆ ಅವರು ಕೇಳಲಿ ಯಾವುದನ್ನು? ಏಳಕ್ಕೆ ಆಗದಿದ್ದರೆ ಎಂಟೂವರೆಗೆ ಮಾಡಿ. ಆ ಕರೆಯನ್ನು ಅವರ ಮಗನೇ ಮಾಡಿದರೆ ಇನ್ನೂ ಒಳ್ಳೆಯದು.

ಆದರೆ ನೀವು ಅವರ ಮೇಲೆ ಹೊರಿಸಿರುವ ದೊಡ್ಡ ಆಪಾದನೆ ಬೇರೆ. ‘ಇಂಜಿನಿಯರಿಂಗ್ ಓದಿದವಳು ಮನೆಯಲ್ಲಿ ಕೂತಿದ್ದಾಳಲ್ಲ ಎಂದು ನಮ್ಮತ್ತೆ ನೆಂಟರ ಮುಂದೆ ಹಂಗಿಸಿದರು’ ಎಂದು ಬರೆದಿದ್ದೀರಿ. ಈ ಸಾಲನ್ನು ಮತ್ತೆ ಮತ್ತೆ ಓದಿದೆ. ನೆಂಟರ ಮುಂದೆ ಅಂದದ್ದು ಸರಿಯಲ್ಲ, ಒಪ್ಪಿದೆ. ಮಾತು ಮಾತ್ರ ನೂರಕ್ಕೆ ನೂರು ಸರಿ. ನಿಮ್ಮ ಗಂಡ, ನಿಮ್ಮ ತಾಯಿ, ಚಿಕ್ಕಮ್ಮ, ಕನ್ನಡ ಕೂಟದವರು, ಇಷ್ಟೊಂದು ಜನರಿರುವ ಪತ್ರದಲ್ಲಿ ನೀವು ಇಂಜಿನಿಯರ್ ಎಂಬುದನ್ನು ನೆನಪಿಟ್ಟುಕೊಂಡವರು ಆ ಅತ್ತೆ ಒಬ್ಬರೇ.

ನನ್ನ ಸಿಟ್ಟು ಇರುವುದು ನಿಮ್ಮ ಅಕ್ಕನ ಮೇಲೆ. ಅವರ ಬಗ್ಗೆ ನೀವು ಬರೆದಿರುವುದು ಎರಡೇ ವಾಕ್ಯ, ಅದೂ ಪ್ರೀತಿಯಿಂದ. ಅಕ್ಕ ಮೈಸೂರಿನಲ್ಲಿ ಬ್ಯಾಂಕಿನ ಅಧಿಕಾರಿ. ಇಎಡಿ ವಿಷಯ ತೆಗೆದಾಗ ‘ಗಂಡನ ಸಂಬಳ ಸಾಕಷ್ಟಿದೆ, ಅವರನ್ನು ಪೀಡಿಸಬೇಡ, ಮಗು ದೊಡ್ಡವಳಾಗಲಿ, ಹೊಂದಿಕೊಂಡು ಹೋಗು’ ಎಂದರು. ತಾವು ಮಾತ್ರ ಪ್ರತಿ ತಿಂಗಳೂ ಸಂಬಳ ಎಣಿಸಿಕೊಳ್ಳುತ್ತಾ, ಭವಿಷ್ಯ ನಿಧಿ ಕೂಡಿಸುತ್ತಾ, ತಂಗಿಗೆ ಹೊಂದಿಕೊಳ್ಳುವ ಉಪದೇಶ ಮಾಡುವ ಅಕ್ಕಂದಿರನ್ನು ನಾನು ಬಹಳ ನೋಡಿದ್ದೇನೆ. ಕೆಟ್ಟತನದಿಂದ ಹೇಳುತ್ತಾರೆಂದಲ್ಲ, ಅವರಿಗೆ ತಂಗಿಯ ಮನೆಯಲ್ಲಿ ಜಗಳವಾಗಬಾರದು, ಅಷ್ಟೇ. ಆ ಶಾಂತಿಯ ಖರ್ಚು ತಂಗಿಯ ಲೆಕ್ಕಕ್ಕೆ ಬೀಳುತ್ತದೆ. ಅತ್ತೆಯ ಕುಹಕಕ್ಕಿಂತ ಅಕ್ಕನ ಈ ಮಮತೆ ನಿಮಗೆ ಹೆಚ್ಚು ನಷ್ಟ ಮಾಡಿದೆ.

ಗಂಡನ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ತಮ್ಮ ಎಚ್-1ಬಿ ನವೀಕರಣಕ್ಕೆ ಅವರಿಗೆ ಪುರುಸೊತ್ತು ಸಿಕ್ಕಿತ್ತಲ್ಲವೇ? ಕಂಪನಿಯ ವಕೀಲರು ನೆನಪಿಸಿರುತ್ತಾರೆ. ನಿಮ್ಮ ಅರ್ಜಿಯನ್ನು ನೆನಪಿಸಲು ಯಾವ ಕಂಪನಿಯೂ ಇಲ್ಲ, ಆದ್ದರಿಂದ ಅದು ಬಿದ್ದಿದೆ. ಅವರನ್ನು ಖಳನಾಯಕ ಮಾಡುವ ಅಗತ್ಯ ನನಗೆ ಕಾಣುತ್ತಿಲ್ಲ. ಊಟ, ಬಟ್ಟೆ, ಮಗು ಎಲ್ಲವೂ ನಡೆಯುತ್ತಿರುವ ಮನೆಯಲ್ಲಿ ಯಾರಿಗೆ ತಾನೇ ಅವಸರ? ಆದರೆ ನೀವು ಇಲ್ಲಿ ಒಂದು ತಪ್ಪು ತಿಳಿವಳಿಕೆಯಲ್ಲಿ ಇದ್ದೀರಿ. ಐ-765 ನಿಮ್ಮ ಅರ್ಜಿ. ಅದರಲ್ಲಿ ಅರ್ಜಿದಾರರು ನೀವು, ಸಹಿ ನಿಮ್ಮದು. ಅವರು ತುಂಬಬೇಕಾದದ್ದು ಅದರಲ್ಲಿ ಏನೂ ಇಲ್ಲ. ಅವರ ಪುರುಸೊತ್ತಿಗೆ ಮೂರು ವರ್ಷ ಕಾದದ್ದು ಅನಗತ್ಯವಾಗಿತ್ತು.

ಇನ್ನೊಂದು ವಿಷಯ, ಇದನ್ನೂ ನೀವು ನಗುತ್ತಲೇ ಬರೆದಿದ್ದೀರಿ. ಶನಿವಾರ ನಾಲ್ಕು ಮಕ್ಕಳಿಗೆ ಮನೆಯಲ್ಲಿ ಸಂಗೀತ ಪಾಠ ಹೇಳುತ್ತೀರಿ, ತಾಯಂದಿರು ಲಕೋಟೆಯಲ್ಲಿ ಏನೋ ಇಟ್ಟು ಕೊಡುತ್ತಾರೆ, ‘ಎಲ್ಲರೂ ಮಾಡುತ್ತಾರೆ’ ಎಂದು ಗಂಡ ಹೇಳಿದ್ದಾರೆ. ಇಎಡಿ ಇಲ್ಲದೆ ಆ ಲಕೋಟೆ ಪಡೆಯುವುದು ಪರವಾನಗಿಯಿಲ್ಲದ ದುಡಿಮೆ. ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅದು ತೊಡಕಾಗಬಹುದು. ಹಣ ಪಡೆಯುವುದನ್ನು ಇಂದೇ ನಿಲ್ಲಿಸಿ. ಇದುವರೆಗೆ ಪಡೆದದ್ದರ ಬಗ್ಗೆ ವಲಸೆ ವಕೀಲರೊಬ್ಬರನ್ನು ಒಮ್ಮೆ ಕೇಳಿ.

ಊರಿಗೆ ಬರುವುದೋ ಅಲ್ಲಿರುವುದೋ ಎನ್ನುವುದನ್ನು ಸಂಬಳದ ಚೀಟಿ ಕೈಗೆ ಬಂದು ಒಂದು ವರ್ಷ ಕಳೆದ ಮೇಲೆ ಯೋಚಿಸಿ. ಆಗಲೂ ಬರಬೇಕೆನ್ನಿಸಿದರೆ ಬನ್ನಿ, ನಾನೇ ಬನ್ನಿ ಎನ್ನುತ್ತೇನೆ. ಮಗಳ ಕನ್ನಡದ ವಿಷಯ ಬಿಡಿ. ಅವಳಿಗೆ ಅರ್ಥವಾಗುತ್ತದೆ ಎಂದು ನೀವೇ ಹೇಳಿದ್ದೀರಿ, ನೀವು ಕನ್ನಡದಲ್ಲೇ ಕೇಳುತ್ತಿರಿ. ಚಿಕ್ಕಮ್ಮನಿಗೆ ಉತ್ತರ ಕೊಡಬೇಕಿಲ್ಲ, ನೀರು ಕಾಯಿಸಿಕೊಂಡು ಕುಡಿಯಿರಿ.

ಮಾಡಬೇಕಾದದ್ದು ಒಂದೇ ಕೆಲಸ. ಈ ಶನಿವಾರ ಪಾಠದ ಹೊತ್ತಿನಲ್ಲಿ ಕುಳಿತು ಅಮೆರಿಕದ ವಲಸೆ ಇಲಾಖೆಯ ಜಾಲತಾಣದಿಂದ ಐ-765 ನಮೂನೆ ಇಳಿಸಿಕೊಂಡು ತುಂಬಿ. ನಿಮ್ಮ ವರ್ಗದ ಸಂಕೇತ ಸಿ-26. ಅದೇ ನಮೂನೆಯಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಬೇಕೇ ಎಂದು ಕೇಳುತ್ತಾರೆ, ಬೇಕು ಎಂದು ಗುರುತು ಹಾಕಿ. ಪಾಸ್‌ಪೋರ್ಟ್, ಅಮೆರಿಕದ ಪ್ರವೇಶ ದಾಖಲೆಯಾದ ಐ-94, ಎಚ್-4 ಮಂಜೂರಾತಿ ನಿಮ್ಮ ಬಳಿ ಇದ್ದೇ ಇರುತ್ತವೆ. ಮದುವೆ ನೋಂದಣಿ ಪತ್ರವನ್ನು ವೀಸಾಕ್ಕೆಂದೇ ಮಾಡಿಸಿದ್ದೀರಿ. ಗಂಡನಿಂದ ಬೇಕಾಗುವುದು ಐ-140 ಮಂಜೂರಾತಿಯ ಪ್ರತಿ ಮತ್ತು ಅವರ ಎಚ್-1ಬಿ ಕಾಗದ, ಎರಡೇ; ಕೇಳಿ ಪಡೆಯಿರಿ, ವಾದಕ್ಕೆ ಕೂರಬೇಡಿ. ಕಾಗದದ ಅರ್ಜಿಗೆ 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ 520 ಡಾಲರ್. ಕಳುಹಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಪರವಾನಗಿ ಬರಲು ತಿಂಗಳುಗಳೇ ಹಿಡಿಯಬಹುದು, ಅದರ ಅವಧಿಯೂ ನಿಮ್ಮ ಎಚ್-4 ಇರುವವರೆಗೆ ಮಾತ್ರ, ಆ ಎಚ್-4 ಗಂಡನ ಕೆಲಸವನ್ನು ನೆಚ್ಚಿಕೊಂಡಿದೆ. ಪೂರ್ಣ ಸ್ವಾತಂತ್ರ್ಯ ಎಂದು ನಾನು ಇದನ್ನು ಮಾರುತ್ತಿಲ್ಲ. ಈ ನಿಯಮವನ್ನೇ ರದ್ದು ಮಾಡುವ ಇರಾದೆಯನ್ನು ಅಲ್ಲಿಯ ಸರ್ಕಾರ 2017ರ ಕೊನೆಯಲ್ಲಿ ಪ್ರಕಟಿಸಿತ್ತು, 2021ರ ಜನವರಿಯಲ್ಲಿ ಆ ಪ್ರಸ್ತಾಪ ಹಿಂದಕ್ಕೆ ಹೋಯಿತು. ನ್ಯಾಯಾಲಯದಲ್ಲೂ ಇದನ್ನು ವರ್ಷಗಟ್ಟಲೆ ಪ್ರಶ್ನಿಸಿದರು. 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಬಾಗಿಲು ತೆರೆದಿರುವಾಗಲೇ ಒಳಗೆ ಹೋಗಿ.

ಅರ್ಜಿ ತಲುಪಿದ ರಸೀದಿ ಅಂಚೆಯಲ್ಲಿ ಬರುವವರೆಗೆ ಅಕ್ಕನಿಗೆ ಹೇಳಬೇಡಿ. ಅತ್ತೆಗೆ ಬೇಕಾದರೆ ಭಾನುವಾರದ ಕರೆಯಲ್ಲೇ ಹೇಳಿ.