ಬೈಗುಳ ಕೇಳಿಯೇ ತಿಳಿದ ಗುರುತು

ಲಂಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ವಿದ್ಯಾರ್ಥಿಗಳ ಆಪ್ತಸಲಹೆಗಾರ್ತಿ. 2023ರ ಅಕ್ಟೋಬರ್‌ನಲ್ಲಿ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿ ಗಾಜಾ ಯುದ್ಧ ಶುರುವಾದ ನಂತರ ಯಹೂದಿ ಹುಡುಗ ಹುಡುಗಿಯರು ಹೆಚ್ಚುಕಡಿಮೆ ಒಂದೇ ಸಂಕಟ ಹೊತ್ತು ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುತ್ತಿರುವ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಕೆಗೆ ಇಪ್ಪತ್ತು ವರ್ಷ. ನಿದ್ದೆ ಬರುತ್ತಿಲ್ಲ ಅಂತ ಬಂದಳು. ಕೊರಳಲ್ಲಿ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಇರುವ ಸಣ್ಣ ಸರ. ಬಸ್ಸಿನಲ್ಲಿ ಒಬ್ಬ ಅದನ್ನು ನೋಡಿ ಕೆಟ್ಟದಾಗಿ ಬೈದಿದ್ದ. ಅಂದಿನಿಂದ ಸರ ಅಂಗಿಯ ಒಳಗೆ. ಹಾಸ್ಟೆಲ್ ಕೋಣೆಯ ಬಾಗಿಲಿಗೆ ಯಾರೋ ಹೊಲಸು ಚೀಟಿ ಅಂಟಿಸಿದ್ದರು. ಜೊತೆಯಲ್ಲಿದ್ದವರು, ಗಾಜಾ ಬಗ್ಗೆ ನಿನ್ನ ನಿಲುವೇನು, ಮೊದಲು ಅದನ್ನು ಹೇಳು ಎನ್ನತೊಡಗಿದ್ದರು. ಇಸ್ರೇಲಿಗೆ ಆಕೆ ಒಮ್ಮೆಯೂ ಹೋದವಳಲ್ಲ.

"ನಾನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ತಿದೀನಾ?" ಎಂದು ಕೇಳಿದಳು. ಇಲ್ಲ. ಯಹೂದಿಗಳ ಸುರಕ್ಷತೆಗಾಗಿ ದುಡಿಯುವ ಇಲ್ಲಿನ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ 2023ರಲ್ಲಿ ದಾಖಲಿಸಿದ ದ್ವೇಷದ ಘಟನೆಗಳು 4,000ಕ್ಕೂ ಹೆಚ್ಚು. ಅಲ್ಲಿಯವರೆಗೆ ಯಾವ ವರ್ಷವೂ ಅಷ್ಟು ಆಗಿರಲಿಲ್ಲ.

ಒಂದು ದಿನ ಆಕೆ ಅಣ್ಣನೊಬ್ಬ ಕಳಿಸಿದ ಸಂದೇಶ ತೋರಿಸಿದಳು. 1933ರ ಏಪ್ರಿಲ್‌ನಲ್ಲಿ ಜರ್ಮನಿಯಲ್ಲಿ ಹಿಟ್ಲರನ ನಾಜಿಗಳು ಯಹೂದಿ ಅಂಗಡಿಗಳ ಮೇಲೆ ನಕ್ಷತ್ರ ಬಳಿದು ಬಹಿಷ್ಕಾರ ಹಾಕಿದ್ದರು. ಆಗ ಬರ್ಲಿನ್ನಿನ ಯಹೂದಿ ಪತ್ರಿಕೆಯ ಸಂಪಾದಕ ರಾಬರ್ಟ್ ವೆಲ್ಟ್ಷ್, ಹಿಂದಿನ ಕಾಲದಲ್ಲಿ ಯಹೂದಿಗಳಿಗೆ ಬಲವಂತವಾಗಿ ತೊಡಿಸುತ್ತಿದ್ದ ಹಳದಿ ಗುರುತನ್ನು ಹೆಮ್ಮೆಯಿಂದ ಧರಿಸಿ ಎಂದು ಬರೆದರು. ಅಣ್ಣ ಅದನ್ನೇ ಕಳಿಸಿ, ಸರ ಹೊರಗೆ ಹಾಕು ಎಂದಿದ್ದ.

"ಈ ನಕ್ಷತ್ರ ನೋಡಿದರೆ ನಿಮಗೆ ಏನು ನೆನಪಾಗುತ್ತೆ?" ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದಳು. "ಬೈಗುಳ" ಎಂದಳು. "ನಾನು ಯಹೂದಿ ಅಂತ ನನಗೆ ನೆನಪು ಮಾಡೋದು ನಮ್ಮನ್ನು ಕಂಡರೆ ಆಗದವರು ಮಾತ್ರ. ನನಗೆ ಇದರಲ್ಲಿ ಬೇರೆ ಏನೂ ಗೊತ್ತಿಲ್ಲ."

ಆಮೇಲೆ ಮುತ್ತಜ್ಜಿಯ ಕಥೆ ಬಂತು. 1938ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ನಾಜಿಗಳು ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟ ಮೇಲೆ ಬ್ರಿಟನ್ ಸುಮಾರು 10,000 ಮಕ್ಕಳಿಗೆ ಆಸರೆ ಕೊಟ್ಟಿತು. ಅವರಲ್ಲಿ ಮುತ್ತಜ್ಜಿಯೂ ಒಬ್ಬಳು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದ ಮಗು ಮತ್ತೆ ಹೆತ್ತವರನ್ನು ನೋಡಲಿಲ್ಲ. ಬೆಳೆದದ್ದು ಕ್ರೈಸ್ತರ ಮನೆಯಲ್ಲಿ. ಮುಂದೆ ಈ ಕುಟುಂಬದಲ್ಲಿ ವಾರದ ಪವಿತ್ರ ದಿನ ಸಬ್ಬತ್‌ಗೆ ಶುಕ್ರವಾರ ಸಂಜೆ ಹಚ್ಚುವ ದೀಪ ಇಲ್ಲ, ಪಸ್ಕ ಹಬ್ಬದ ಊಟ ಇಲ್ಲ. ಯಾರಿಗೂ ಹೇಳಬೇಡ ಎಂಬ ಎಚ್ಚರಿಕೆ ಮಾತ್ರ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಇವಳಿಗೆ ಬಂತು.

ನಾನು ಹೇಳಿದ್ದು ಇಷ್ಟು. ಸರದ ವಿಷಯ ಸದ್ಯ ಬಿಡಿ. ರಾತ್ರಿ ಬಸ್ಸಿನಲ್ಲಿ ಅದನ್ನು ಮುಚ್ಚಿಕೊಂಡರೆ ಅದು ಜಾಣತನ, ಅದರಲ್ಲಿ ಅವಮಾನ ಏನಿಲ್ಲ. ಮೊದಲು ಯಹೂದಿ ವಿದ್ಯಾರ್ಥಿಗಳ ಶುಕ್ರವಾರದ ಊಟಕ್ಕೆ ಹೋಗಿ ಬನ್ನಿ. ಹಾಡು ಕೇಳಿ, ವಾದ ಕೇಳಿ. ಚೀಟಿಯ ಫೋಟೊ ಇಟ್ಟುಕೊಂಡು ದೂರು ಕೊಡಿ. ನಿಲುವು ಕೇಳುವವರಿಗೆ, ಹಾಸ್ಟೆಲ್‌ನಲ್ಲಿ ಎಲ್ಲರನ್ನೂ ಹೀಗೇ ಕೇಳ್ತೀರಾ ಅಂತ ಕೇಳಿ.

ಹುಡುಗಿಯನ್ನು ಧರ್ಮದ ಕಡೆ ಕಳಿಸೋದು ನಮ್ಮ ಕೆಲಸವಾ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ದೇವರನ್ನು ನಂಬು ಅಂತ ನಾನು ಹೇಳಿಲ್ಲ. ಮೂರು ಸಾವಿರ ವರ್ಷದ ಹಾಡು, ಓದು, ಹಬ್ಬ, ನಗು ಆಕೆಯ ಪಾಲಿಗೂ ಇದೆ. ಅದು ಕೈಗೆ ಸಿಗದೆ ಹೆಮ್ಮೆಪಡು ಎಂದರೆ ಯಾವುದರ ಬಗ್ಗೆ ಪಡಬೇಕು? ಇನ್ನೊಬ್ಬರು, ಗಾಜಾದಲ್ಲಿ ಮಕ್ಕಳು ಸಾಯುತ್ತಿರುವಾಗ ಇದು ದೊಡ್ಡ ವಿಷಯವಾ ಎಂದರು. ಆ ಮಕ್ಕಳಿಗಾಗಿ ಈ ಹುಡುಗಿಯೂ ನನ್ನ ಮುಂದೆ ಅತ್ತಿದ್ದಾಳೆ. ಇಸ್ರೇಲ್ ಸರ್ಕಾರವನ್ನು ಟೀಕಿಸುವುದು ಯಾರದೇ ಹಕ್ಕು. ಲಂಡನ್ನಿನ ವಿದ್ಯಾರ್ಥಿನಿಯ ಬಾಗಿಲಿಗೆ ಚೀಟಿ ಅಂಟಿಸುವುದು ಯಹೂದಿ ದ್ವೇಷ.

ಇಲ್ಲಿಗೆ ಓದಲು ಬರುವ ನಮ್ಮ ಮಕ್ಕಳಿಗೂ ಒಂದು ಮಾತು. ಕಟ್ಟುನಿಟ್ಟಿನ ಮೇಷ್ಟ್ರನ್ನು ಹಿಟ್ಲರ್ ಅನ್ನೋದು ನಮ್ಮಲ್ಲಿ ಸಲೀಸು. ಆಕೆಯ ಹಾಸ್ಟೆಲ್ ಅಡುಗೆಮನೆಯಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಹಾಗೇ ಅಂದು ನಕ್ಕಿದ್ದ. ಕೆಟ್ಟ ಮನಸ್ಸಿನಿಂದಲ್ಲ, ತಿಳಿಯದೆ. ಆಕೆ ಮುತ್ತಜ್ಜಿಯ ಕಥೆ ಹೇಳಿದ ಮೇಲೆ ಕ್ಷಮೆ ಕೇಳಿದ. ದಯವಿಟ್ಟು ಆ ಮಾತು ಬಿಡಿ.

ಆಕೆ ಈಗ ಶುಕ್ರವಾರದ ಊಟಕ್ಕೆ ತಪ್ಪದೆ ಹೋಗುತ್ತಾಳೆ. ಹೀಬ್ರೂ ಅಕ್ಷರ ಕಲಿಯುತ್ತಿದ್ದಾಳೆ. ಸರ ಕ್ಲಾಸಿನಲ್ಲಿ ಹೊರಗೆ, ರಾತ್ರಿ ಬಸ್ಸಿನಲ್ಲಿ ಒಳಗೆ. ಚೀಟಿ ಅಂಟಿಸಿದವರು ಇನ್ನೂ ಪತ್ತೆಯಾಗಿಲ್ಲ. ದೂರಿನ ಬೆನ್ನು ಬಿಡಬೇಡಿ ಎಂದು ಹೇಳಿದ್ದೇನೆ.