ಆಳ ಸಮುದ್ರದ ತೇಲುವ ಗಾಳಿಯಂತ್ರದ ಖರ್ಚು ಇಳಿಸುವುದು ಹೇಗೆ? ಬೆಂಗಳೂರಿನಲ್ಲೇ ಮಾದರಿ ಮಾಡಿಸಬಹುದೇ?

ಸುಮಾರು 60 ಮೀಟರ್ ಆಳ ದಾಟಿದರೆ ತಳಕ್ಕೆ ಕಂಬ ನೆಡುವುದು ದುಬಾರಿ, ತೇಲಿಸಬೇಕು. ಆಗ ಖರ್ಚು ಏರುವುದು ರೆಕ್ಕೆಯಿಂದಲ್ಲ, ಬುಡದ ಉಕ್ಕು, ಲಂಗರು, ಅಲೆಯೊಂದಿಗೆ ಬಾಗುವ ಕೇಬಲ್‌ಗಳಿಂದ. ನಾರ್ವೆಯ ತೇಲುವ ಗಾಳಿಯಂತ್ರಗಳ ತಾಣ ಹೈವಿಂಡ್ ಟಾಂಪೆನ್‌ನಲ್ಲಿ ಬುಡಕ್ಕೆ ಕಾಂಕ್ರೀಟ್ ಬಳಸಿ, 11 ಯಂತ್ರಗಳಿಗೆ 19 ಲಂಗರು ಹಂಚಿದರು. ಒಂದಕ್ಕೆ ಮೂರರಂತೆ ಹಾಕಿದ್ದರೆ 33 ಬೇಕಿತ್ತು.

ಪೀಣ್ಯದಲ್ಲಿ 1:50 ಮಾದರಿ (ಎಲ್ಲ ಉದ್ದಳತೆ 50ರಲ್ಲಿ ಒಂದು ಪಾಲು) ಧಾರಾಳವಾಗಿ ಮಾಡಿಸಬಹುದು. ತೂಕ 50ರ ಘನದಂತೆ, ಅಂದರೆ 1,25,000ದಲ್ಲಿ ಒಂದು ಪಾಲು. ಕಾಲ 50ರ ವರ್ಗಮೂಲದಂತೆ ಕುಗ್ಗುವುದರಿಂದ 12 ಸೆಕೆಂಡಿಗೊಮ್ಮೆ ಬರುವ ಅಲೆ 1.7 ಸೆಕೆಂಡಿಗೆ ಇಳಿಯುತ್ತದೆ. ಎಲ್ಲರೂ ಎಡವುವುದು ರೆಕ್ಕೆಯಲ್ಲಿ: ಅದೇ ಆಕಾರ ಕುಗ್ಗಿಸಿದರೆ ರೆನಾಲ್ಡ್ಸ್ ಸಂಖ್ಯೆ (ಗಾಳಿಯ ಹರಿವಿನಲ್ಲಿ ವೇಗದ ಬಲಕ್ಕೂ ಅಂಟುತನಕ್ಕೂ ಇರುವ ಅನುಪಾತ) ಕುಸಿದು ತಳ್ಳುಬಲ ಸಾಲದು. ಅಗಲದ ತೆಳು ರೆಕ್ಕೆ ಹಾಕಿ, ಇಲ್ಲವೇ ಡ್ರೋನ್ ಫ್ಯಾನ್‌ನಿಂದ ಅಷ್ಟೇ ಬಲ ಕೊಡಿ. ಮಾದರಿ ಪರೀಕ್ಷಿಸುವ ಅಲೆ ತೊಟ್ಟಿಯದು ಸಿಹಿನೀರು, ಸಮುದ್ರದ್ದಕ್ಕಿಂತ ಸುಮಾರು 2.5% ಹಗುರ, ತೂಕವನ್ನೂ ಅಷ್ಟು ತಗ್ಗಿಸದಿದ್ದರೆ ಮಾದರಿ ಹೆಚ್ಚು ಮುಳುಗುತ್ತದೆ.